ಹಬ್ಬ ಮುಗಿಯೋವರೆಗೆ

ಕ್ರಾಲ್ಯೆವೊ ಪಟ್ಟಣದ ಮನೋವೈದ್ಯರ ಬಾಗಿಲ ಮುಂದೆ ದೆಸಾಂಕಾ ತನ್ನ ಸರದಿ ಕಾಯುತ್ತಿದ್ದಳು. ಪಕ್ಕದಲ್ಲಿ ಅವಳಿಗೆ ಪರಿಚಯವಿಲ್ಲದ ಒಬ್ಬ ಅತ್ತೆ, ಸೊಸೆ. ಸೊಸೆಯ ಮಣಿಕಟ್ಟಿನಲ್ಲಿ, ಬಸುರಿಗೆ ದೃಷ್ಟಿಯಾಗದಿರಲೆಂದು ಕಟ್ಟುವ ಕೆಂಪು ದಾರ. ದೆಸಾಂಕಾ ಕಿವಿ ಮುಚ್ಚಿಕೊಂಡು ಕೂರುವ ಹೆಂಗಸಲ್ಲ.

“ಮುಟ್ಟು ನಿಂತಿದೆ, ಎದೇಲಿ ಹಾಲು. ನಾನಿನ್ನೇನು ಅಂದ್ಕೋಬೇಕಿತ್ತು?”

“ಅದು ಮಾತ್ರೆಯಿಂದ ಅಂತ ಡಾಕ್ಟ್ರು ಹೇಳಿದ್ರಲ್ಲ ಅತ್ತೆ. ಇವತ್ತು ಬೇರೆ ಬರ್ಕೊಡ್ತಾರೆ.”

“ಇವತ್ತು ಮಾತ್ರೆ ಬದಲಾಯಿಸೋದು ಬೇಡ ಕಣೇ. ಸಂತ ನಿಕೋಲನ ಹಬ್ಬಕ್ಕೆ ನೆಂಟರೆಲ್ಲ ಬರ್ತಾರೆ. ನೀನು ಬಸುರಿ ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ.”

“ನನ್ನ ಕೇಳಿ ಹೇಳಿದ್ರಾ?”

“ಹುಚ್ಚಿನ ಮಾತ್ರೆ ನುಂಗ್ತಾಳೆ ಅಂತ ಹೇಳ್ಲಾ ಮತ್ತೆ? ಅದನ್ನ ನುಂಗಿ ನುಂಗಿ ಹೊಟ್ಟೇನೂ ಬಂದಿದೆ. ಯಾರಿಗೂ ಅನುಮಾನ ಬರಲ್ಲ.”

“ಹಬ್ಬ ಆದ್ಮೇಲೆ?”

“ಬಸಿರು ನಿಲ್ಲಲಿಲ್ಲ ಅಂತೀನಿ.”

ಸೊಸೆ ನಕ್ಕುಬಿಟ್ಟಳು.

“ಹೋದ ವರ್ಷ ನಿಜವಾಗ್ಲೂ ನಿಲ್ಲದೆ ಹೋದಾಗ, ಅಳಬೇಡ, ಜನ ನೋಡ್ತಾರೆ ಅಂದ್ರಿ. ಇದಕ್ಕಾದ್ರೂ ಅಳಬಹುದಾ ಅತ್ತೆ?”

ಒಳಗಿನಿಂದ ಸೊಸೆಯ ಹೆಸರು ಕೂಗಿದರು. ಹಾಲಿಗೆ ಒದ್ದೆಯಾದ ಅಂಗಿ ಡಾಕ್ಟರಿಗೆ ಕಾಣದಂತೆ ಅತ್ತೆ ಸೊಸೆಯ ಕೋಟಿನ ಗುಂಡಿ ಹಾಕಿ, ಅವಳನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋದಳು.