ನಳಿಗಿಯ ಕೆಳಗಿನ ಮುಚ್ಚಳ

ಹಲೋ… ಹಲೋ, ಕೋಣ್ ಉಲಯ್ತಾ, ಯಾರ ಮಾತಾಡೋದು?… ಹಾಂ, ಕಂಠೆಪ್ಪನ ಮಾತಾಡೋದು. ಪೇಂಟ್ ಶಾಪಿನ ಕಂಠೆಪ್ಪ. ತಾವ್ಯಾರ್ರಿ?… ಯಾರು?… ಯಲ್ಲವ್ವ ವೈನಿ? ತಾಳಿಕೋಟಿಯಿಂದನ?

… ಇಲ್ರಿ, ಧ್ವನಿ ಗುರುತ ಹತ್ತಲಿಲ್ಲ ನೋಡ್ರಿ. ಐದ ವರ್ಷ ಬರೇ ಕಾಗದದಾಗ ಮಾತಾಡೇವಿ, ಅದಕ್ಕ. ಏನ್ರಿ, ಎಲ್ಲಾ ಆರಾಮ ಅಲ್ಲೇನ್ರಿ? ಮಾನಪ್ಪಣ್ಣನ ಅವ್ವ ಹ್ಯಾಂಗ ಅದಾಳ, ಸತ್ಯವ್ವ?… ಬಾಜೂಕನ ನಿಂತಾಳ? ಆಕೀನೂ ಫೋನ್ ಬೂತಿಗೆ ಕರ್ಕೊಂಡ ಬಂದೀರಿ?… ಯಾಕ್ರಿ, ಏನಾತು?

… ತಡೀರಿ ಒಂಚೂರ. ಕಾಸೀಮಸಾಬಣ್ಣ, ಆ ಬಾಗಲ ಮುಂದ ಮಾಡು, ಮಶೀನ್ ಸಪ್ಪಳಕ್ಕ ಏನೂ ಕೇಳಸವಲ್ದು… ಹಾಂ ಹೇಳ್ರಿ ವೈನಿ. ಇದು ಫ್ಯಾಕ್ಟರಿ ಗೇಟಿನ ಫೋನ್ರಿ, ವಾಚಮನ್ ಖೋಲ್ಯಾಗ ನಿಂತೇನಿ.

… ಮುಟ್ಟಿತಾ? ಚಲೋ ಆತ್ರಿ! ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟಿದ್ನಿ, ಹಾದ್ಯಾಗ ಎಲ್ಲಿ ಮುರೀತೋ ಅಂತ ಜೀವದಾಗ ಜೀವ ಇರಲಿಲ್ಲ. ಮಾನಪ್ಪಣ್ಣನ ಫೋಟೋದ ಮುಂದ ಇಟ್ಟೀರಿ?… ಹೂಂ. ಅವ ಓಡಸತಿದ್ದ ಟ್ಯಾಂಕ್ ಹ್ಯಾಂಗ ಇತ್ತು, ಒಮ್ಮೆ ಕಣ್ಣಿಲೆ ನೋಡ್ಬೇಕು ಅಂತ ನೀವ ಬರದಿದ್ರಲ್ಲ. ಅದಕ್ಕ ಈ ಸಣ್ಣ ಟ್ಯಾಂಕ್ ಮಾಡಿದ್ನಿ.

… ಮಾಡಾಕ ಎಂಟ ತಿಂಗಳ ಹಿಡೀತ್ರಿ. ಪಣಜಿ ಬಾಜೂಕ ಈ ಚಿಂಬಲ್ದಾಗ ನನ್ನ ಖೋಲಿ ಅಂದ್ರ ಕೈ ಚಾಚಿದ್ರ ಗೋಡಿ. ಕಾಟಿನ ಮ್ಯಾಲ ಹಲಗಿ ಇಟ್ಟ ಮಾಡಿದ್ನಿ. ಖರೇ ಗಾಡಿ ಒಂದ ಗಜ ಇದ್ದಲ್ಲಿ ಇದು ಒಂದ ಇಂಚ, ಹಂಗ ಅಳತಿ ಹಿಡದೇನಿ. ಚೈನ್ ಪಟ್ಟಿ ನೋಡಿದ್ರೇನು? ಅದು ಹಳೇ ಕೈಗಡಿಯಾರದ ಸ್ಟೀಲ್ ಪಟ್ಟಿ, ಪಣಜಿ ಮಾರ್ಕೆಟ್ಟಿನ್ಯಾಗ ಹುಡುಕಿ ಹುಡುಕಿ ಕೂಡಿಸಿದ್ದು. ತೋಪಿನ ನಳಿಗಿ ರೇಡಿಯೋದ ಏರಿಯಲ್…

… ಏನಂದ್ರಿ? ಹಳೇದ ಯಾಕ ಕಾಣಸತೈತಿ ಅಂತೀರಾ?… ಹಳೇದಲ್ರಿ, ಹಂಗ ಕಾಣ್ಲಿ ಅಂತನ ಮಾಡಿದ್ದು. ಹಸರ ಬಣ್ಣ ಹೊಡದ ದಿನ ಆಟಗಿ ಸಾಮಾನ ಕಂಡಂಗ ಕಂಡಿತ್ತು. ಹಂಗಿರಲಿಲ್ರಿ ನಮ್ಮ ಗಾಡಿ. ಕಬ್ಬಿಣದ ಅರಪುಡಿ ಉಪ್ಪನೀರಾಗ ನೆನಸಿಟ್ಟು ತುಕ್ಕ ಹಿಡಿಸಿದ್ನಿ. ಹತ್ತಿ ಇಳ್ಯೂ ಕಡೆ ಬಣ್ಣ ಸವದಿರತಿತ್ತು, ಅಲ್ಲೆ ಒಣ ಬ್ರಶ್ಶಿಲೆ ಬೆಳ್ಳಿ ಬಣ್ಣ ತಾಗೀನೂ ತಾಗದಂಗ ಎಳದೇನಿ. ಇಲ್ಲಿ ಅದಿರಿನ ಲಾರಿ ಹಾರಸೂ ಕೆಂಪ ಧೂಳ ಇರತೈತಲ್ಲ, ಅರಿಬೀಲೆ ಸೋಸಿ ಉದುರಿಸಿದ್ನಿ. ನಾವ ಲಡಾಯಿಗೆ ಹೋಗಿದ್ದ ಲಂಕಾದಾಗೂ ಮಣ್ಣ ಕೆಂಪನ ಇತ್ರಿ. ಹೊಗಿ ಬರೂ ಕಡೆ ಚಿಮಣಿ ಮಸಿ…

… ಹಾಂ? ಯಾವ ಮುಚ್ಚಳ?

… ಮುಂದಿಂದಾ?

… ಹೌದ್ರಿ. ಅಲ್ಲೇ ಕುಂಡ್ರತಿದ್ದ ಅವ. ಡ್ರೈವರ್ ಜಾಗಾ ಅದ.

… ತೆರೀತೈತ್ರಿ. ಬಿಜಾಗರಿ ಹಚ್ಚೇನಲ್ಲ… ಹಾಂ. ನಳಿಗಿಗೆ ಬಡೀತೈತಿ. ಹೌದು.

… ಇಲ್ರಿ, ನಾ ತಪ್ಪ ಕುಂಡ್ರಿಸಿಲ್ಲ.

… ನಳಿಗಿ ಹಚ್ಚಿದ ಗುಮ್ಮಟ ಬೆರಳಿಲೆ ತಿರುಗಿಸಿದ್ರಿ? ಆಮ್ಯಾಲ ತೆರೀತು?… ಹೂಂ. ತಿರುಗಿಸಿದ್ರ ತೆರೀತೈತಿ. ನಳಿಗಿ ನಟ್ಟನಡುವ ಇದ್ರ ಮುಚ್ಚಳ ಏಳೂದಿಲ್ಲ.

… ಖರೇ ಗಾಡ್ಯಾಗೂ ಹಂಗ ಇತ್ರಿ ವೈನಿ.

… ವೈನಿ, ಬಿಡ್ರಿ ಅದನ್ನ. ಐದ ವರ್ಷಾತು…

… ಹೌದ್ರಿ. ನಾನ ಕೂತಿದ್ನಿ ಗುಮ್ಮಟದಾಗ. ತೋಪ ನನ್ನ ಕೈಯಾಗನ ಇತ್ತು.

… ಅಳಬ್ಯಾಡ್ರಿ. ಇಲ್ಲ, ಹೇಳ್ತೇನಿ. ಫೋನ್ ಇಡಬ್ಯಾಡ್ರಿ, ಹೇಳ್ತೇನಿ. ರಸ್ತೇದಾಗ ಬಾಂಬ್ ಹುಗದಿದ್ರು. ಸಿಡದಾಗ ನಳಿಗಿ ಮುಂದಕ್ಕ ಇತ್ತು, ಸರಿಯಾಗಿ ಅವನ ಮುಚ್ಚಳದ ಮ್ಯಾಲ. ಕರೆಂಟ ಹೋತು. ಹಿಂದ ಇಂಜಿನ್ನಿಗೆ ಬೆಂಕಿ ಹತ್ತಿತು. ನಾ ನಮ್ಮ ಗಾಡಿ ಕಮಾಂಡರ್ ರಿಸಾಲ್ದಾರ ಸಾಹೇಬರನ್ನ ಎಳಕೊಂಡ ಹೊರಗ ಬಂದ್ನಿ. ಅವರ ಕಾಲ ಹೋಗಿತ್ತು, ಜೀವ ಇತ್ತು…

… ಹೌದ್ರಿ. ಸಿಡದ ಕೂಡ್ಲೆ ಹೋದ, ಒಂದೀಟೂ ತ್ರಾಸ ಆಗಲಿಲ್ಲ ಅಂತ ಬರದಿದ್ನಿ. ಆವಾಗ ಒಮ್ಮೆ ನಿಮ್ಮ ಮನಿಗೆ ಬಂದಾಗೂ ಅದನ್ನ ಹೇಳಿದ್ನಿ, ನಿಮ್ಮ ಕೈಯಾಗಿನ ರೊಟ್ಟಿ ತಿಂದು… ಸುಳ್ಳರಿ. ಸುಳ್ಳ ಹೇಳಿದ್ನಿ.

… ಇದ್ದ. ಜೀವಂತ ಇದ್ದ.

… ಕೈಲೆ ತಿರುವೂ ಗಾಲಿ ಒಂದ ಇರತೈತ್ರಿ ಒಳಗ. ಕರೆಂಟ ಇಲ್ದಿದ್ರೂ ಗುಮ್ಮಟ ತಿರುಗತೈತಿ. ಒಂದ ಗೇಣ ಸರದಿದ್ರ ಸಾಕಿತ್ತು. ನನಗ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹ್ಯಾಂಗ ಹೇಳ್ಲಿ? ಸಾಹೇಬರನ್ನ ಗಟಾರದಾಗ ಮಲಗಿಸಿ ತಿರುಗಿ ಹೋಗಬೇಕಿತ್ತು. ಹೋಗಲಿಲ್ರಿ. ಗಟಾರದಾಗನ ಕುಂತ್ನಿ. ಒಳಗ ತೋಪಿನ ಗುಂಡ ತುಂಬಿದ್ವು, ಈಗ ಸಿಡೀತಾವ, ಈಗ ಸಿಡೀತಾವ ಅಂತ… ಅಂಜಿದ್ನಿ.

… ನಳಿಗಿ ಅಡ್ಡ ತಿರುಗಿಸಿ ಕಳಿಸಬಹುದಿತ್ತು, ಖರೇ. ಎಂಟ ದಿನ ಹಂಗ ತಿರುಗಿಸೀನೂ ಇಟ್ಟಿದ್ನಿ. ತುಕ್ಕ ಖರೇ, ಧೂಳ ಖರೇ, ಸವದ ಬಣ್ಣಾನೂ ಖರೇ. ನಳಿಗಿ ಅಷ್ಟ ಸುಳ್ಳ. ಡಬ್ಬ್ಯಾಗ ಇಡೂ ಮುಂದ ನಡುವ ತಂದ ಇಟ್ನಿ… ನೀವ ಕೇಳ್ಲಿ ಅಂತನೋ, ಯಾರಿಗೂ ತಿಳ್ಯೂದಿಲ್ಲ ಅಂತನೋ, ನನಗ ಗೊತ್ತಿಲ್ರಿ.

… ಏನ ಅಂದ ಅಂತ ಕೇಳ್ತೀರಾ?… ಕೇಳಬ್ಯಾಡ್ರಿ ವೈನಿ… ನನ್ನ ಹೆಸರ ಕರದ. ‘ಕಂಠ್ಯಾ, ತಿರುಗಿಸೋ’ ಅಂದ. ಅಷ್ಟ. ಬಯ್ಯಲಿಲ್ಲ. ನಾ ಒಳಗ ಇದ್ದೇನಿ, ತಿರುಗಿಸಾಕತ್ತೇನಿ ಅಂತನ ತಿಳಕೊಂಡಿದ್ದ ಅವ.

… ವೈನಿ?… ವೈನಿ, ಇದ್ದೀರಾ?

… ಯಾರು? ಸತ್ಯವ್ವನ?… ಯವ್ವಾ, ನಾ ಕಂಠೆಪ್ಪ. ಶರಣ ಯವ್ವಾ.

… ಕೇಳಿಸಿಕೊಂಡೀ ಎಲ್ಲಾ?

… ಎಷ್ಟೊತ್ತ ಅಂದ್ರ?… ಬಡದದ್ದಾ?… ಹೂಂ, ಒಳಗಿಂದ ಬಡದ. ಮುಷ್ಟೀಲೆ. ಹೊರಗ ಕೇಳಸತಿತ್ತು.

… ಯವ್ವಾ, ಎಷ್ಟೊತ್ತ ಅಂತ ನಾ ಹ್ಯಾಂಗ… ಒಂದ ಬೀಡಿ ಸೇದಿ ಮುಗಿಸೂವಷ್ಟ ಹೊತ್ತು. ಆಮ್ಯಾಲ ನಿಂತಿತು.

… ನನಗ ಕ್ಷಮಾ ಮಾಡು ಅನ್ನಾಕ ಬಾಯಿ ಇಲ್ಲ ಯವ್ವಾ. ಅನ್ನೂದಿಲ್ಲ.

… ಏನು?… ಬಾ ಅಂತೀ? ನಿನ್ನ ಮುಂದ ಕುಂತ ಹೇಳಬೇಕಾ?… ಊರವರ ಮುಂದನೂ?… ಆತು. ಹೇಳ್ತೇನಿ. ಮೊದಲಿಂದ ಹೇಳ್ತೇನಿ, ಒಂದ ಮಾತ ಬಿಡೂದಿಲ್ಲ.

… ಇವತ್ತ ಸಂಜೀ ಬಸ್ಸಿಗೇ ಹೊರಡತೇನಿ. ರಜಾ ಕೊಡ್ಲಿ, ಬಿಡ್ಲಿ. ಮುಂಜಾನಿ ಮುಟ್ಟತೇನಿ.

… ಇಲ್ಲ ಯವ್ವಾ, ಒಳಗ ಬರೂದಿಲ್ಲ. ನೀ ಹೇಳೂದ ಬರೋಬ್ಬರಿ ಐತಿ. ಕಟ್ಟೀ ಮ್ಯಾಲನ ಕುಂಡ್ರತೇನಿ. ನೀರೂ ಕೇಳೂದಿಲ್ಲ.

… ಹಾಂ?… ಏನಂದಿ? ಗರಗರ ಅನ್ನಾಕತ್ತೈತಿ, ಜೋರ ಹೇಳು ಯವ್ವಾ… ಮಾನಪ್ಪಣ್ಣನ ಏನು?… ಅಂಗಿ?… ಅದನ್ನ ಮುಂದ ಇಟ್ಟ ಹೇಳಬೇಕಾ?… ಹಲೋ?… ಯವ್ವಾ, ಬರಾಕತ್ತೇನಿ, ಕೇಳಸಾಕತ್ತೈತೇನು, ಬರಾಕತ್ತೇ…