ಸೊಪ್ಪಿಗೊಂದು ಸೀನು

೧೯೮೩ರ ಜನವರಿ ಕೊನೆ. ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಇಬ್ಬರು ಗೆಳೆಯರು ನಿಂತಿದ್ದರು. ಒಬ್ಬನ ಕಂಕುಳಲ್ಲಿ ದಪ್ಪನೆಯ ಕಾಗದದ ಕಟ್ಟು.

"ಏನ್ಲಾ ಕೋದಂಡ, ಪ್ರತಿ ಹೊಸ ವರ್ಷ ಸಿನಿಮಾ ಬರೀತೀನಂತ ಕೂರ್ತೀಯ, ಸಂಕ್ರಾಂತಿಗೆ ಕೈಬಿಡ್ತೀಯ. ಈ ಸಲ ಹೆಂಗೆ ಮುಗೀತು?"

"ಒಂದನೇ ತಾರೀಖು ರೇಷ್ಮೆ ಹುಳದ ಜೊತೆಗೇ ಶುರು ಮಾಡ್ದೆ ಕಣೋ. ಹುಳಕ್ಕೆ ಸೊಪ್ಪು ಹಾಕ್ದಾಗೆಲ್ಲ ಒಂದು ಸೀನು ಬರ್ದೆ."

"ಹುಳ ಪೊರೆ ಬಿಡೋ ಜ್ವರಕ್ಕೆ ಕೂತು ಸೊಪ್ಪು ಮುಟ್ಟದೇ ಇದ್ದಾಗ?"

"ಬರ್ದಿದ್ದನ್ನ ತಿದ್ದಿದೆ."

"ಕ್ಲೈಮ್ಯಾಕ್ಸು?"

"ನಿನ್ನೆ ಹುಳ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಹತ್ತಿದ್ವು. ನಾನು ಕೊನೇ ಹಾಳೇಲಿ 'ಶುಭಂ' ಅಂತ ಬರ್ದೆ. ಬೆಂಗಳೂರಿನ ಡೈರೆಕ್ಟರೊಬ್ರು ಇವತ್ತೇ ತಗೊಂಡು ಬಾ ಅಂದವ್ರೆ."

ಬೆಂಗಳೂರಿನ ಬಸ್ಸು ಬಂತು. ಗೆಳೆಯ ಮುನ್ನುಗ್ಗಿ ಬಾಗಿಲ ಬಳಿ ಜನರನ್ನು ತಡೆದು ಕೂಗಿದ:

"ದಾರಿ ಬಿಡ್ರಪ್ಪೋ, ನಮ್ಮೂರ ಸಿನಿಮಾ ಬಸ್ಸು ಹತ್ತತೈತೆ!"