ಖಾಲಿ ಒಳಪುಟ

ಪರರ ಮಾತು ಕೇಳಿಸಿಕೊಂಡು ಬರೆಯುವುದು ತಪ್ಪೇನೋ, ಕ್ಷಮಿಸಿ. ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು, ಪ್ರೆಸ್ಸಿನಲ್ಲಿ ದುಡಿಯುವ ಅವಳ ತಮ್ಮ ನಿಂತಿದ್ದರು.

“ನಮ್ಮ ಪಕ್ಷದ ಪ್ರಣಾಳಿಕೆ ಅಚ್ಚಾಯ್ತೇನೋ?”

“ಹೊರಪುಟ ನಾಲ್ಕು ಸಲ ಆಯ್ತಕ್ಕಾ. ಯಾರ ಫೋಟೊ ಮೇಲಿರಬೇಕು ಅಂತ ಅವರವರಲ್ಲೇ ಕಿತ್ತಾಟ.”

“ಫೋಟೊ ಹಾಳಾಗ್ಲಿ. ನಮ್ಮ ಹೆರಿಗೆ ಆಸ್ಪತ್ರೆ ಉಳಿಸ್ತಾರಾ, ಮುಚ್ತಾರಾ? ಏನ್ ಬರ್ದಿದಾರೆ?”

“ಒಳಪುಟ ಖಾಲಿ. ಆಮೇಲೆ ಕೊಡ್ತೀವಿ ಅಂದ್ರು.”

“ಮಗಳಿಗೆ ಏಳು ತಿಂಗಳು ತುಂಬ್ತು ಕಣೋ. ಇವರ ಜಗಳ ಮುಗಿಯೋತನಕ ಕೂಸು ಕಾಯುತ್ತಾ?”

“ಹಾಗಾದ್ರೆ ಈ ಸಲ ಬೇರೆಯವರಿಗೆ ಒತ್ತು.”

“ಅವರ ಒಳಪುಟ?”

“ಅವರಿನ್ನೂ ಫೋಟೊನೇ ಕೊಟ್ಟಿಲ್ಲ.”

ಅಕ್ಕ ನಕ್ಕುಬಿಟ್ಟಳು. “ಆ ಖಾಲಿ ಹಾಳೆ ಒಂದು ತಂದ್ಕೊಡು. ವೋಟು ಕೇಳೋಕೆ ಬಂದೋರ ಕೈಗೆ ಪೆನ್ನು ಕೊಡ್ತೀನಿ, ಬರೀಲಿ.”

ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಯಾರಾದರೂ ಬರೆದರೋ ಇಲ್ಲವೋ, ನನಗೆ ತಿಳಿಯದು.